ಪ್ರೊ ಮೋಡ್ ಹಾಕಿದ ಮೇಲೂ ಫೋನ್ ವಿಡಿಯೊ ಯಾಕೆ ಕೆಡುತ್ತದೆ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯವರು. ಮಗಳು ಯಕ್ಷಗಾನ ಕಲಿಯುತ್ತಿದ್ದಾಳೆ. ಮಾಟುಂಗ, ಕುರ್ಲಾ, ಮುಲುಂಡ್ ಕಡೆ ಅವಳ ಆಟ ಇದ್ದಾಗ ವಿಡಿಯೊ ತೆಗೆಯುವುದು ನಾನೇ, ಅದೂ ಫೋನಿನಲ್ಲಿ. ಎಲ್ಲವನ್ನೂ ಫೋನಿಗೇ ಬಿಡುವ ಆಟೋ ಮೋಡಿನಲ್ಲಿ ತೆಗೆದರೆ ಮುಖ ಬೆಳ್ಳಗೆ ಸುಟ್ಟ ಹಾಗೆ ಬರುತ್ತಿತ್ತು. ಅದಕ್ಕೆ ಯೂಟ್ಯೂಬ್ ನೋಡಿ, ಬೆಳಕು, ಬಣ್ಣ, ಫೋಕಸ್ ಎಲ್ಲ ನಾವೇ ಕೈಯಾರೆ ಇಡುವ ಪ್ರೊ ಮೋಡ್ ಕಲಿತೆ. ಈಗ ಇನ್ನೂ ಕಷ್ಟ. ಸಭಾಂಗಣದಲ್ಲಿ ಅಡ್ಡ ಪಟ್ಟೆಗಳು ಹರಿಯುತ್ತವೆ. ಜೂಮ್ ಮಾಡಿದರೆ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಮರೀನ್ ಡ್ರೈವ್‌ನಲ್ಲಿ ಮಧ್ಯಾಹ್ನ ಯೂಟ್ಯೂಬ್‌ನವರು ಹೇಳಿದ ಶಟರ್ ಇಟ್ಟರೆ ಸ್ಕ್ರೀನ್ ಪೂರ್ತಿ ಬಿಳಿ. ತಪ್ಪು ನನ್ನದಾ, ಫೋನಿನದಾ? ಹೊಸ ಫೋನ್ ತಗೊಂಡರೆ ಸರಿ ಹೋಗುತ್ತದಾ?

ಉತ್ತರ: ತಪ್ಪು ನಿಮ್ಮದಲ್ಲ. ಹೊಸ ಫೋನಿನ ಮಾತು ಸದ್ಯಕ್ಕೆ ಪಕ್ಕಕ್ಕಿಡಿ, ಕೊನೆಗೆ ಬರುತ್ತೇನೆ.

ಮೊದಲಿಗೆ ಒಂದು ಮಾತು. ಮುಖ ಬೆಳ್ಳಗಾಗುವ ತೊಂದರೆಗೆ ಪ್ರೊ ಮೋಡೇ ಬೇಕಿರಲಿಲ್ಲ. ಆಟೋದಲ್ಲಿ ಫೋನ್ ಇಡೀ ಚೌಕಟ್ಟಿನ ಬೆಳಕನ್ನು ಲೆಕ್ಕ ಹಾಕಿ ಮಧ್ಯಮಕ್ಕೆ ತರಲು ನೋಡುತ್ತದೆ. ನಮ್ಮ ಸಭಾಂಗಣಗಳಲ್ಲಿ ಹಿಂದೆ ಕಪ್ಪು ಪರದೆ, ಮುಂದೆ ಕತ್ತಲಲ್ಲಿ ಕೂತವರ ತಲೆಗಳು. ನಡುವೆ ಬೆಳಕಿರುವುದು ವೇಷದ ಮೇಲೆ ಮಾತ್ರ. ಫೋನಿಗೆ ಕಪ್ಪೇ ಜಾಸ್ತಿ ಕಾಣುತ್ತದೆ. ಎಲ್ಲವನ್ನೂ ಎತ್ತಿ ಬೆಳಗಿಸುತ್ತದೆ. ಬಣ್ಣ ಹಚ್ಚಿದ ಮುಖ ಸುಟ್ಟು ಹೋಗುತ್ತದೆ. ಇದಕ್ಕೆ ಮದ್ದು ಸುಲಭ. ಸ್ಕ್ರೀನಿನಲ್ಲಿ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ, ಲಾಕ್ ಆದ ಗುರುತು ಬರುತ್ತದೆ. ಪಕ್ಕದಲ್ಲಿ ಕಾಣುವ ಸೂರ್ಯನ ಚಿಹ್ನೆಯನ್ನು ಕೆಳಗೆ ಎಳೆಯಿರಿ. ಕಣ್ಣಿನ ಸುತ್ತಲ ಗೆರೆಗಳು ಸ್ಪಷ್ಟವಾಗುವ ತನಕ ಎಳೆದರೆ ಸಾಕು. ಮುಕ್ಕಾಲು ಜನರಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಪ್ರೊ ಮೋಡ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಆಟೋಗಿಂತ ಮೇಲಿನದು, ಅದರಲ್ಲಿ ತೆಗೆದರೆ ಚಿತ್ರ ಚೆನ್ನಾಗಿ ಬರುತ್ತದೆ ಅನ್ನಿಸುತ್ತದೆ. ವಿಡಿಯೊ ಮಟ್ಟಿಗೆ ಅದರಿಂದ ಆಗುವ ಉಪಕಾರ ಒಂದೇ: ಬೆಳಕು, ಬಣ್ಣ, ಫೋಕಸ್ ನೀವು ಇಟ್ಟಲ್ಲೇ ಇರುತ್ತವೆ, ನಡುವೆ ಫೋನ್ ತನ್ನಿಷ್ಟಕ್ಕೆ ಬದಲಿಸುವುದಿಲ್ಲ. ಇದು ಸಣ್ಣ ಉಪಕಾರ ಏನಲ್ಲ. ಆದರೆ ಅದಕ್ಕಿಂತ ಹೆಚ್ಚು ಕೇಳಿದರೆ ನಿಮಗಾದದ್ದೇ ಆಗುತ್ತದೆ. ಯಾಕೆ ಅಂತ ಮರೀನ್ ಡ್ರೈವ್‌ನಿಂದಲೇ ಶುರು ಮಾಡೋಣ.

ದೊಡ್ಡ ಕ್ಯಾಮೆರಾದಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡಲು ಮೂರು ದಾರಿ ಇವೆ. ಅಪರ್ಚರ್, ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವುದು. ಶಟರ್, ಅಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರಕ್ಕೆ, ಅಂದರೆ ಫ್ರೇಮಿಗೆ, ಎಷ್ಟು ಹೊತ್ತು ಬೆಳಕು ಬೀಳಬೇಕು ಅನ್ನುವುದು. ಐಎಸ್‌ಒ, ಅಂದರೆ ಬಿದ್ದ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು. ಫೋನಿನಲ್ಲಿ ಮೊದಲನೆಯದೇ ಇಲ್ಲ. ಬಾಯಿಯ ಅಳತೆ ಎಫ್/1.8 ಅಂತ ಬರೆದಿದ್ದರೆ ಹಗಲೂ ರಾತ್ರಿಯೂ ಅದೇ (ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ಅಪವಾದ ಇವೆ. 2018ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್9ರಲ್ಲಿ ಎಫ್/1.5 ಮತ್ತು ಎಫ್/2.4 ಅಂತ ಎರಡು ಇದ್ದವು. 2024ರ ಶಿಯೋಮಿ 14 ಅಲ್ಟ್ರಾದಲ್ಲಿ ಎಫ್/1.63ರಿಂದ ಎಫ್/4ರವರೆಗೆ ಬದಲಾಗುತ್ತದೆ. ಆದರೆ ನಿಮ್ಮ ನನ್ನ ಕೈಯಲ್ಲಿರುವ ಬಹುತೇಕ ಫೋನ್‌ಗಳಲ್ಲಿ ಬಾಯಿ ಸದಾ ಪೂರ್ತಿ ತೆರೆದೇ ಇರುತ್ತದೆ.

ಈಗ ಲೆಕ್ಕ ನೋಡಿ. ಫಿಲ್ಮ್ ಕಾಲದಿಂದ ಬಂದ ಒಂದು ನಿಯಮ ಇದೆ. ನೆತ್ತಿ ಮೇಲಿನ ಬಿಸಿಲಿನಲ್ಲಿ ಅಪರ್ಚರ್ ಎಫ್/16 ಇದ್ದರೆ, ಐಎಸ್‌ಒ ಎಷ್ಟೋ ಶಟರ್ ಒಂದು ಸೆಕೆಂಡಿನ ಅಷ್ಟನೇ ಒಂದು ಭಾಗ. ಐಎಸ್‌ಒ 50 ಆದರೆ 1/50 ಸೆಕೆಂಡ್. ನಿಮ್ಮ ಫೋನಿನ ಬಾಯಿ ಎಫ್/16 ಅಲ್ಲ, ಎಫ್/1.8. ಅಂದರೆ ಸುಮಾರು ಎಂಬತ್ತು ಪಟ್ಟು ಜಾಸ್ತಿ ಬೆಳಕು. ಐಎಸ್‌ಒ 50ಕ್ಕಿಂತ ಕೆಳಗೆ ಹೋಗುವ ಫೋನ್‌ಗಳು ಕಡಿಮೆ. ಉಳಿದದ್ದು ಶಟರ್ ಒಂದೇ. ಅದು 1/4000ರ ಹತ್ತಿರ ಹೋಗಲೇಬೇಕು. ಯೂಟ್ಯೂಬ್‌ನವರು 1/50 ಇಡಿ ಅಂದರು, ನೀವು ಇಟ್ಟಿರಿ, ಎಂಬತ್ತು ಪಟ್ಟು ಬೆಳಕು ನುಗ್ಗಿತು. ಸಮುದ್ರ, ಆಕಾಶ, ಮಗಳು, ಎಲ್ಲಾ ಬಿಳಿ.

1/50 ಯಾಕೆ ಅಂತಾರೆ? ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ ಅದರ ಎರಡರಷ್ಟು, ಅಂದರೆ 1/50 ಇದ್ದರೆ ಚಲನೆಯಲ್ಲಿ ಹದವಾದ ಮಸುಕು ಇರುತ್ತದೆ, ಸಿನಿಮಾ ನೋಡಿದ ಹಾಗೆ ಕಾಣುತ್ತದೆ. 1/4000ರಲ್ಲಿ ಒಂದೊಂದು ಫ್ರೇಮೂ ಕತ್ತರಿಸಿದ ಹಾಗೆ ಚೂಪು. ಅಲೆ ಬಂಡೆಗೆ ಬಡಿದು ಹಾರುವ ನೀರು ಹನಿ ಹನಿಯಾಗಿ ಕುಪ್ಪಳಿಸಿದಂತೆ ಕಾಣುತ್ತದೆ. ಕೆಲವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ಮನೆಯವರಿಗೆ ತೋರಿಸುವ ವಿಡಿಯೊಗೆ ಇದೊಂದು ದೊಡ್ಡ ವಿಷಯವೇ ಅಲ್ಲ ಅಂತ ನನ್ನ ಅಭಿಪ್ರಾಯ. ಈ ನಿಯಮವನ್ನು ವೇದವಾಕ್ಯ ಮಾಡಿಬಿಟ್ಟಿದ್ದಾರೆ. ಬಿಸಿಲಿನಲ್ಲಿ ಶಟರನ್ನು ಫೋನಿಗೇ ಬಿಡಿ, ಎಕ್ಸ್‌ಪೋಷರ್, ಅಂದರೆ ಒಟ್ಟು ಬೆಳಕಿನ ಮಟ್ಟ, ಮಾತ್ರ ಲಾಕ್ ಮಾಡಿ.

ಸಿನಿಮಾ ಥರ ಬೇಕೇ ಬೇಕು ಅಂದರೆ ಎನ್‌ಡಿ ಫಿಲ್ಟರ್ ಹಾಕಬೇಕು. ಲೆನ್ಸಿನ ಮೇಲೆ ಕ್ಲಿಪ್ ಮಾಡುವ ಕಪ್ಪು ಗಾಜು, ಅಷ್ಟೇ. ಮೇ ತಿಂಗಳ ಬಿಸಿಲಿಗೆ ಎನ್‌ಡಿ64, ಅಂದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವಂಥದ್ದು ಬೇಕು. ಜುಲೈನಲ್ಲಿ ಮೋಡ ದಟ್ಟವಾಗಿ ಕವಿದಿದ್ದರೆ ಎನ್‌ಡಿ8 ಸಾಕು. ತಿರುಗಿಸಿ ಹೆಚ್ಚು ಕಡಿಮೆ ಮಾಡುವ ಥರದ್ದೂ ಸಿಗುತ್ತದೆ. ಅಗ್ಗದ್ದು ತಂದು ಪೂರ್ತಿ ತಿರುಗಿಸಿದರೆ ಆಕಾಶದಲ್ಲಿ ದೊಡ್ಡ ಗುಣಾಕಾರದ ಗುರುತಿನ ಹಾಗೆ ಕಪ್ಪು ನೆರಳು ಬೀಳುತ್ತದೆ, ಚರ್ಮದ ಬಣ್ಣವೂ ಕೆಡುತ್ತದೆ. ಇನ್ನೊಂದು ಕಿರಿಕಿರಿ: ಕ್ಲಿಪ್ ಮುಚ್ಚುವುದು ಒಂದು ಲೆನ್ಸನ್ನು. ಜೂಮ್ ಒತ್ತಿದಿರಿ, ಫೋನ್ ಪಕ್ಕದ ಲೆನ್ಸಿಗೆ ಹಾರಿತು, ಫಿಲ್ಟರ್ ಇದ್ದೂ ಇಲ್ಲ.

ಇನ್ನು ಸಭಾಂಗಣದ ಪಟ್ಟೆಗಳು. ಅಲ್ಲಿ ನೀವು ಬೇರೆ ವಿಡಿಯೊ ನೋಡಿ 1/60 ಇಟ್ಟಿದ್ದಿರಿ ಅಂತ ಕಾಣುತ್ತದೆ. 30 ಫ್ರೇಮಿಗೆ 1/60 ಅಂತ ಕಲಿಸುವ ವಿಡಿಯೊಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿನ ಕರೆಂಟು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತ. ನಮ್ಮದು 50. ಒಂದು ಆವರ್ತಕ್ಕೆ ಎರಡು ಸಲದಂತೆ ನಮ್ಮಲ್ಲಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಸೆನ್ಸರಿಗೆ ಗೊತ್ತಾಗುತ್ತದೆ. ಫೋನ್ ಒಂದು ಫ್ರೇಮನ್ನು ಒಮ್ಮೆಗೇ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಶಟರ್ 1/50 ಇದ್ದರೆ ಪ್ರತಿ ಸಾಲಿಗೂ ಸರಿಯಾಗಿ ಎರಡು ಏರಿಳಿತದ ಬೆಳಕು ಸಿಗುತ್ತದೆ. 1/100 ಇದ್ದರೆ ಒಂದು. 1/60ರಲ್ಲಿ ಒಂದೂ ಮುಕ್ಕಾಲಿಗೆ ಹತ್ತಿರ. ಕೆಲವು ಸಾಲಿಗೆ ಜಾಸ್ತಿ, ಕೆಲವಕ್ಕೆ ಕಡಿಮೆ. ಅದೇ ಪಟ್ಟೆ.

ಆಟೋದಲ್ಲಿ ಯಾಕೆ ಬರುತ್ತಿರಲಿಲ್ಲ ಅಂತ ಕೇಳುತ್ತೀರಿ. ಆಟೋದಲ್ಲಿ ಫೋನ್ ದೀಪದ ಮಿಡಿತ ನೋಡಿ ಅದಕ್ಕೆ ಹೊಂದುವ ಶಟರನ್ನೇ ಆರಿಸಿಕೊಳ್ಳುತ್ತದೆ. ನೀವು ಶಟರ್ ಕೈಗೆ ತಗೊಂಡ ಕ್ಷಣ ಆ ಕಾವಲು ಹೋಯಿತು. ಇದನ್ನು ಯಾವ ಮೆನುವಿನಲ್ಲೂ ಬರೆದಿರುವುದಿಲ್ಲ.

ಮನೆಯಲ್ಲೇ ನೋಡಿ. ರಾತ್ರಿ ಅಡುಗೆಮನೆಯಲ್ಲಿ ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಬಲ್ಬ್ ಹಾಕಿ, ಬಿಳಿ ಗೋಡೆಗೆ ಫೋನ್ ಹಿಡಿಯಿರಿ. ಶಟರ್ 1/500 ಮಾಡಿ, ಗೋಡೆ ತುಂಬಾ ಪಟ್ಟೆ. ಇಳಿಸುತ್ತಾ ಬನ್ನಿ. 1/100ಕ್ಕೆ ನಿಲ್ಲುತ್ತದೆ. 1/60ಕ್ಕೆ ಮತ್ತೆ ತೆಳ್ಳಗೆ ತೇಲುತ್ತದೆ. 1/50ಕ್ಕೆ ಮತ್ತೆ ನಿಂತಿತು. ಒಮ್ಮೆ ಕಣ್ಣಾರೆ ಕಂಡರೆ ಮರೆಯುವುದಿಲ್ಲ. ನಮ್ಮ ದೇಶದಲ್ಲಿ ಒಳಾಂಗಣ ಅಂದರೆ 1/50 ಅಥವಾ 1/100, ಬೇರೆ ಯಾವುದೂ ಬೇಡ. ಫ್ರೇಮ್ 30 ಇದ್ದರೂ ಇದೇ ಇಡಬಹುದು, ತೊಂದರೆ ಇಲ್ಲ.

ಸ್ಲೋ ಮೋಷನ್ ಮಾತ್ರ ಒಳಗೆ ಬೇಡ. ಸೆಕೆಂಡಿಗೆ 120 ಫ್ರೇಮ್ ಅಂದರೆ ಒಂದು ಫ್ರೇಮಿಗೆ 1/120 ಸೆಕೆಂಡಿಗಿಂತ ಜಾಸ್ತಿ ಹೊತ್ತು ಸಿಗುವುದೇ ಇಲ್ಲ. 1/100 ಇಡಲು ಜಾಗವೇ ಇಲ್ಲದ ಮೇಲೆ ಮಿಡಿತ ಬಂದೇ ಬರುತ್ತದೆ. ಮಗಳು ಹಾರಿ ಸುತ್ತುವ ಧೀಂಗಿಣವನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯುವ ಆಸೆ ಇದ್ದರೆ ಹಗಲು ಹೊತ್ತು ಅಂಗಳದಲ್ಲಿ ಕುಣಿಸಿ.

1/50ಕ್ಕೂ ಬಗ್ಗದ ದೀಪಗಳಿವೆ. ಈಗ ವೇದಿಕೆಗೆ ಬಣ್ಣದ ಎಲ್‌ಇಡಿ ಲೈಟ್‌ಗಳನ್ನು ಬಾಡಿಗೆಗೆ ತರುತ್ತಾರಲ್ಲ, ಅವುಗಳ ಬೆಳಕು ತಗ್ಗಿಸುವುದು ಬೇಗ ಬೇಗ ಆನ್ ಆಫ್ ಮಾಡಿ. ಕರೆಂಟಿನ 50 ಹರ್ಟ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ ಫೋನಿಗಿಂತ ನಿಮ್ಮ ಬಾಯಿಮಾತೇ ಉಪಯೋಗಕ್ಕೆ ಬರುತ್ತದೆ. ಶುರುವಾಗುವ ಮೊದಲು ಲೈಟಿನವರ ಹತ್ತಿರ ಹೋಗಿ, 'ಅಣ್ಣಾ, ಎದುರಿನ ಎರಡು ಲೈಟ್ ಡಿಮ್ ಮಾಡಬೇಡಿ, ಫುಲ್ ಇಡಿ' ಅಂತ ಹೇಳಿ. ಪೂರ್ತಿ ಬೆಳಕಿನಲ್ಲಿ ಆ ಆನ್ ಆಫ್ ಸಾಮಾನ್ಯವಾಗಿ ನಿಲ್ಲುತ್ತದೆ. ದಾದರ್ ಸ್ಟೇಷನ್ನಿನ ಇಂಡಿಕೇಟರ್ ಬೋರ್ಡ್ ಹಗಲಿನ ವಿಡಿಯೊದಲ್ಲಿ ಅರ್ಧ ಅಕ್ಷರ ತೋರಿಸುವುದೂ ಇದೇ ಕಾರಣಕ್ಕೆ. ಅಲ್ಲಿ ಶಟರ್ ನಿಧಾನ ಮಾಡಿದಷ್ಟೂ ಅಕ್ಷರ ಕೂಡಿಕೊಳ್ಳುತ್ತದೆ.

ಕಾಳು ಕಾಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಹಳ ಜನ ಮೋಸ ಹೋಗುವುದು ಇಲ್ಲೇ.

ರಾತ್ರಿ ಫೋಟೊ ಇಷ್ಟು ಚೆನ್ನಾಗಿ ಬರುವಾಗ ವಿಡಿಯೊ ಯಾಕೆ ಬರುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನೈಟ್ ಮೋಡ್ ಫೋಟೊದಲ್ಲಿ ಫೋನ್ ಎರಡು ಮೂರು ಸೆಕೆಂಡ್ ಹೊತ್ತು ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಕೂಡಿಸಿದಷ್ಟೂ ಕಾಳು ಅಳಿಸುತ್ತದೆ. 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿಗೆ ಸಿಗುವುದು ಹೆಚ್ಚೆಂದರೆ 1/25 ಸೆಕೆಂಡ್. ನೀವು 1/50 ಇಟ್ಟರೆ ಅದರಲ್ಲೂ ಅರ್ಧ. ಐಎಸ್‌ಒ ಏರಿಸುವುದೊಂದೇ ದಾರಿ. ಪುಟ್ಟ ಸೆನ್ಸರಿನಲ್ಲಿ ಐಎಸ್‌ಒ ಏರಿಸಿದರೆ ಕಾಳು ಬರದೆ ಇನ್ನೇನು ಬರುತ್ತದೆ?

ಆದರೆ ವೇದಿಕೆಯ ಬೆಳಕು ಅಷ್ಟು ಕಡಿಮೆ ಅಲ್ಲ. ಮುಖ್ಯ ಲೆನ್ಸಿನಲ್ಲಿ 1/50 ಇಟ್ಟು ಐಎಸ್‌ಒ 200ರ ಆಸುಪಾಸಿನಲ್ಲೇ ಕೆಲಸ ಆಗಬೇಕು. ನಿಮಗೆ ಕಾಳು ಬಂದದ್ದು ಜೂಮ್‌ನಿಂದ. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನ ಹಿಂದಿರುವ ಸೆನ್ಸರ್ ಸಾಮಾನ್ಯವಾಗಿ ಇನ್ನೂ ಚಿಕ್ಕದು, ಲೆನ್ಸಿನ ಬಾಯಿಯೂ ಕಿರಿದು. ಆಟೋದಲ್ಲಿ ನೀವು 3 ಪಟ್ಟು ಜೂಮ್ ಒತ್ತಿದರೂ, ಬೆಳಕು ಕಡಿಮೆ ಇದ್ದರೆ ಫೋನ್ ಗುಟ್ಟಾಗಿ ಮುಖ್ಯ ಲೆನ್ಸಿನಲ್ಲೇ ತೆಗೆದು ನಡುವಿನ ಭಾಗ ಕತ್ತರಿಸಿ ಕೊಡುತ್ತದೆ. ಪ್ರೊ ಮೋಡಿನಲ್ಲಿ ನೀವು ಟೆಲಿ ಅಂದರೆ ಅದು ನಿಜವಾಗಿ ಟೆಲಿಯನ್ನೇ ಹಾಕುತ್ತದೆ. ಪರೀಕ್ಷೆ ಮಾಡಬೇಕಾ? ಮಂಕು ಬೆಳಕಿನಲ್ಲಿ ಆಟೋದಲ್ಲಿ 3 ಪಟ್ಟು ಜೂಮ್ ಇಟ್ಟು, ಹಿಂದಿನ ಲೆನ್ಸ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ. ಯಾವುದನ್ನು ಮುಚ್ಚಿದಾಗ ಸ್ಕ್ರೀನ್ ಕಪ್ಪಾಯಿತೋ ತೆಗೆಯುತ್ತಿರುವುದು ಅದು. ಬಹಳ ಸಲ ಟೆಲಿ ಮುಚ್ಚಿದರೂ ಚಿತ್ರ ಹಾಗೇ ಇರುತ್ತದೆ!

ಹಾಗಾಗಿ ಜೂಮ್ ಬಿಡಿ, ಮುಂದೆ ಹೋಗಿ. ಮೂರನೇ ಸಾಲಿನ ಬದಿಯ ಕುರ್ಚಿ ಸಿಕ್ಕರೆ ಅದು ಯಾವ ಲೆನ್ಸಿಗೂ ಸಮ.

ಆಟೋ ಇನ್ನೂ ಒಂದು ಕೆಲಸ ಮಾಡುತ್ತಿತ್ತು. ಹೆಚ್ಚು ಬೆಳಕಿನ ಜಾಗ ತಗ್ಗಿಸಿ, ಕತ್ತಲಿನ ಜಾಗ ಎತ್ತಿ, ಎಚ್‌ಡಿಆರ್ ಅಂತ ಎರಡನ್ನೂ ಹೊಂದಿಸುತ್ತಿತ್ತು. ಪ್ರೊ ವಿಡಿಯೊದಲ್ಲಿ ಹಲವು ಫೋನ್‌ಗಳು ಇದನ್ನು ಆಫ್ ಮಾಡುತ್ತವೆ. ಕಿರೀಟದ ಕನ್ನಡಿ ಚೂರು, ಚಿನ್ನದ ಬಣ್ಣದ ಎದೆಕಟ್ಟು ಬೇಗ ಬಿಳಿಯಾಗುವುದು ಅದಕ್ಕೇ. ಕೈಯಲ್ಲಿ ಹಿಡಿದಾಗಿನ ನಡುಕ ತಡೆಯುವ ಸೌಲಭ್ಯವೂ ಕೆಲವು ಫೋನ್‌ಗಳಲ್ಲಿ ಈ ಮೋಡಿನಲ್ಲಿ ಇರುವುದಿಲ್ಲ. ಇದ್ದರೂ 1/50ರಲ್ಲಿ ಅದು ಅರ್ಧ ಕೆಲಸವನ್ನೇ ಮಾಡುತ್ತದೆ. ಚೌಕಟ್ಟನ್ನು ನೆಟ್ಟಗೆ ನಿಲ್ಲಿಸುತ್ತದೆ, ಆದರೆ ಕೈ ನಡುಗಿದಾಗ ಫ್ರೇಮಿನ ಒಳಗೇ ಬಿದ್ದ ಮಸುಕು ಅಲ್ಲೇ ಉಳಿಯುತ್ತದೆ. ಚಿತ್ರ ನಿಂತಿದೆ, ಆದರೆ ಆಗಾಗ ಮಂಜು ಮಂಜು. ಆದ್ದರಿಂದ 1/50 ಇಟ್ಟರೆ ಟ್ರೈಪಾಡ್ ಬೇಕೇ ಬೇಕು. ಟ್ರೈಪಾಡ್ ಮೇಲಿಟ್ಟ ಮೇಲೆ ನಡುಕ ತಡೆಯುವ ಆ ಸ್ಟೆಬಿಲೈಸೇಷನ್ ಆಫ್ ಮಾಡಿ. ಇಲ್ಲದಿದ್ದರೆ ನೀವು ಫೋನ್ ತಿರುಗಿಸಿದಾಗ ಚಿತ್ರ ಮೊದಲು ತಡೆದು ಆಮೇಲೆ ಜಗ್ಗಿದ ಹಾಗೆ ಓಡುತ್ತದೆ.

ಹಾಗಾದರೆ ಪ್ರೊ ಮೋಡ್ ಯಾವುದಕ್ಕೆ? ನಿಮ್ಮ ಯಕ್ಷಗಾನಕ್ಕೇ. ತೆರೆಯ ಹಿಂದಿನಿಂದ ವೇಷ ಪ್ರವೇಶ ಮಾಡುವ ತೆರೆ ಒಡ್ಡೋಲಗ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. ತೆರೆ ಹಿಡಿದಿದ್ದಾರೆ, ಮೇಲೆ ಕಿರೀಟ ಮಾತ್ರ ಕಾಣುತ್ತದೆ. ಆಟೋ ತೆರೆಯ ಬಟ್ಟೆ ನೋಡಿ ಬೆಳಕು ಇಟ್ಟುಕೊಳ್ಳುತ್ತದೆ. ತೆರೆ ಸರಿದ ತಕ್ಷಣ ಹಿಂದಿನ ಕಪ್ಪು ಕಂಡು ಬೆಳಕು ಏರಿಸುತ್ತದೆ. ರಾಕ್ಷಸನ ಬಣ್ಣದ ವೇಷ ಬಂತು, ಲೈಟಿನವರು ಕೆಂಪು ಹಾಕಿದರು. ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ 'ಇದು ಜಾಸ್ತಿ ಕೆಂಪಾಯಿತು' ಅಂತ ನೀಲಿ ಬೆರೆಸಿ ಸರಿ ಮಾಡಲು ಹೊರಡುತ್ತದೆ. ಬಯಲಾಟದಲ್ಲಿ ದೊಂದಿಗೆ ರಾಳ ಎರಚಿದರಂತೂ ಭಗ್ ಅಂತ ಬೆಂಕಿ ಎದ್ದ ಕೂಡಲೇ ಆಟೋ ಇಡೀ ಚಿತ್ರವನ್ನು ಕತ್ತಲೆ ಮಾಡುತ್ತದೆ, ಬೆಂಕಿ ಆರಿದ ಮೇಲೂ ಸ್ವಲ್ಪ ಹೊತ್ತು ತಡಕಾಡುತ್ತದೆ. ಇವೆಲ್ಲ ಪ್ರೊ ಮೋಡಿನಲ್ಲಿ ಆಗುವುದಿಲ್ಲ. ಬೆಂಕಿ ಬಿಳಿಯಾಗಲಿ ಬಿಡಿ, ವೇಷದ ಬಣ್ಣ ನಿಂತಲ್ಲೇ ನಿಲ್ಲುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಮುಖ್ಯ ಲೆನ್ಸ್, 25 ಫ್ರೇಮ್ ಇದ್ದರೆ 25, ಇಲ್ಲದಿದ್ದರೆ 30. ಐಫೋನ್ ಆದರೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪಾಲ್ ಫಾರ್ಮ್ಯಾಟ್ ಆನ್ ಮಾಡಿದರೆ 25 ಬರುತ್ತದೆ. ಶಟರ್ 1/50. ಕುಣಿತ ಜೋರಿದ್ದು ಕೈಕಾಲು ತೀರಾ ಮಸುಕಾದರೆ 1/100 ಮಾಡಿ ಐಎಸ್‌ಒ ದುಪ್ಪಟ್ಟು ಮಾಡಿ. ಪೂರ್ವರಂಗ ನಡೆಯುವಾಗ ಮುಖ ನೋಡಿ ಐಎಸ್‌ಒ ಹೊಂದಿಸಿ, ಹಿನ್ನೆಲೆ ಕಪ್ಪಾದರೂ ಚಿಂತೆ ಬೇಡ. ವೈಟ್ ಬ್ಯಾಲೆನ್ಸ್ ಹಳದಿ ಹ್ಯಾಲೊಜನ್ ಲೈಟ್ ಇದ್ದರೆ 3200 ಕೆಲ್ವಿನ್, ಬಿಳಿ ಎಲ್‌ಇಡಿ ಇದ್ದರೆ 5000ದ ಹತ್ತಿರ, ಒಮ್ಮೆ ಇಟ್ಟ ಮೇಲೆ ಮುಟ್ಟಬೇಡಿ. ಫೋಕಸ್ ವೇದಿಕೆಯ ನಡುವೆ ಇಟ್ಟು ಲಾಕ್. ಫೋನಿನ ಲೆನ್ಸ್ ಬಹಳ ಚಿಕ್ಕದಾದ್ದರಿಂದ ಎಂಟು ಹತ್ತು ಮೀಟರ್ ದೂರದಿಂದ ಭಾಗವತರಿಂದ ಹಿಡಿದು ಎದುರಿನ ವೇಷದವರೆಗೆ ಎಲ್ಲವೂ ಸ್ಪಷ್ಟವಾಗಿಯೇ ಇರುತ್ತದೆ. ಯಾರೋ ಎದ್ದು ಅಡ್ಡ ಹೋದರೂ ಫೋಕಸ್ ಓಡಿ ಹೋಗುವುದಿಲ್ಲ. ಹಿನ್ನೆಲೆ ಮಸುಕು ಬೇಕು ಅಂತ ಫೋಕಸ್ ಸ್ಲೈಡರ್ ಎಳೆದಾಡಬೇಡಿ. ಅಷ್ಟು ದೂರಕ್ಕೆ ಅದು ಬರುವುದೇ ಇಲ್ಲ.

ರೆಕಾರ್ಡ್ ಆಗುತ್ತಿರುವಾಗ ಐಎಸ್‌ಒ ಬದಲಿಸಬೇಡಿ. ಸಿನಿಮಾ ಲೆನ್ಸಿನ ಬಳೆ ತಿರುಗಿಸಿದಷ್ಟು ನಯವಾಗಿ ಫೋನಿನ ಸ್ಲೈಡರ್ ಓಡುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ. ವಿಡಿಯೊದಲ್ಲಿ ಅದು ಬೆಳಕು ಜಿಗಿದಂತೆ ಕಾಣುತ್ತದೆ, ಸ್ಕ್ರೀನ್ ಮುಟ್ಟಿದ್ದಕ್ಕೆ ಫೋನೂ ಅಲುಗುತ್ತದೆ.

ಬೇರೆ ಆ್ಯಪ್ ಹಾಕಿದರೆ ಹೇಗೆ? ಹಾಕಿ ನೋಡಿ, ಕಾಸೇನೂ ಇಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಪುಕ್ಕಟೆ. ಐಫೋನಿಗೆ 2023ರಲ್ಲಿ ಬಂತು, ಆಂಡ್ರಾಯ್ಡಿಗೆ 2024ರಲ್ಲಿ, ಅದೂ ಆಯ್ದ ಫೋನ್‌ಗಳಿಗೆ. ಆದರೆ ಒಂದು ಮಿತಿ ಇದೆ. ಕ್ಯಾಮೆರಾವನ್ನು ಆ್ಯಪ್‌ಗಳ ಕೈಗೆ ಕೊಡುವ ದಾರಿ ಆ್ಯಪಲ್ ಮತ್ತು ಗೂಗಲ್ ಎರಡೂ 2014ರಲ್ಲಿ ತೆರೆದವು. ಆಂಡ್ರಾಯ್ಡಿನಲ್ಲಿ ಎಷ್ಟು ತೆರೆಯಬೇಕು ಅನ್ನುವುದು ಫೋನ್ ಮಾಡುವವರಿಗೆ ಬಿಟ್ಟದ್ದು. ಕೆಲವರು ಶಟರ್, ಐಎಸ್‌ಒ ಪೂರ್ತಿ ಕೊಡುತ್ತಾರೆ. ಕೆಲವರು ಮುಖ್ಯ ಲೆನ್ಸ್ ಮಾತ್ರ ಕೊಟ್ಟು ಉಳಿದವನ್ನು ತಮ್ಮ ಆ್ಯಪಿಗೇ ಇಟ್ಟುಕೊಳ್ಳುತ್ತಾರೆ. ಆ್ಯಪಿನಲ್ಲಿ ಸ್ಲೈಡರ್ ಕಾಣದಿದ್ದರೆ ಆ್ಯಪ್ ಬರೆದವರನ್ನು ಬೈದು ಪ್ರಯೋಜನ ಇಲ್ಲ.

ಹೊಸ ಫೋನ್ ಬಗ್ಗೆ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಹೊಸ ಫೋನ್ ಸ್ವಲ್ಪವಾದರೂ ಕಡಿಮೆ ಮಾಡುವುದು ಕಾಳನ್ನು ಮಾತ್ರ. ದೊಡ್ಡ ಸೆನ್ಸರ್ ಇದ್ದರೆ ಖಂಡಿತ ವ್ಯತ್ಯಾಸ ಇದೆ. ಪಟ್ಟೆ ಕರೆಂಟಿನದು, ಮರೀನ್ ಡ್ರೈವ್‌ನ ಬಿಳಿ ಸೂರ್ಯನದು, ಅವು ಯಾವ ಫೋನಿಗೂ ಬಗ್ಗುವುದಿಲ್ಲ. ದುಬಾರಿ ಫೋನ್‌ಗಳನ್ನು ಪ್ರೊರೆಸ್, ಲಾಗ್ ಅಂತ ಎಡಿಟಿಂಗಿಗೆ ಅನುಕೂಲವಾದ ವಿಡಿಯೊ ಬಗೆಗಳ ಹೆಸರು ಹೇಳಿ ಮಾರುತ್ತಾರೆ. ಪ್ರೊರೆಸ್ 4ಕೆ ಒಂದು ನಿಮಿಷಕ್ಕೆ ಸುಮಾರು 6 ಜಿಬಿ ತಿನ್ನುತ್ತದೆ. ಎರಡು ಗಂಟೆಯ ಪ್ರಸಂಗಕ್ಕೆ 700 ಜಿಬಿ ಎಲ್ಲಿಂದ ತರುತ್ತೀರಿ? ಅದೇ ದುಡ್ಡಿನ ಸಣ್ಣ ಪಾಲಿನಲ್ಲಿ ಗಟ್ಟಿ ಟ್ರೈಪಾಡ್ ತಗೊಳ್ಳಿ, ಜೊತೆಗೆ ಭಾಗವತರ ಹತ್ತಿರ ಇಡಲು ಒಂದು ಸಣ್ಣ ರೆಕಾರ್ಡರ್. ಚೆಂಡೆ ಪೆಟ್ಟಿಗೆ ಫೋನಿನ ಮೈಕಿನಲ್ಲಿ ಧ್ವನಿ ಒಡೆದು ಹೋಗುತ್ತದೆ. ಪ್ರೊ ಮೋಡಿನಲ್ಲಿ ಮೈಕ್ ಲೆವೆಲ್ ಇದ್ದರೆ ಚೆಂಡೆ ಜೋರಾದಾಗಲೂ ಮೀಟರ್ ಕೆಂಪಿಗೆ ಹೋಗದಷ್ಟು ತಗ್ಗಿಸಿಡಿ.

ರೆಕಾರ್ಡರ್ ಬಳಸಿದರೆ ಆಮೇಲೆ ಎಡಿಟ್ ಮಾಡುವಾಗ ಒಂದು ಗೊಂದಲ ಬರಬಹುದು. ಮೊದಲು ತಾಳ ಸರಿ ಇದ್ದು, ಮುಕ್ಕಾಲು ಗಂಟೆ ಆದ ಮೇಲೆ ಹೆಜ್ಜೆಗೂ ಚೆಂಡೆಗೂ ತಾಳೆ ಆಗುವುದಿಲ್ಲ. ನೀವು 30 ಅಂತ ಇಟ್ಟರೂ ಬಹಳಷ್ಟು ಫೋನ್‌ಗಳು ಒಮ್ಮೆ 29, ಒಮ್ಮೆ 30 ಅಂತ ಏರಿಳಿಸುತ್ತಾ ಬರೆಯುತ್ತವೆ. ಪ್ರೊ ಮೋಡ್ ಅದನ್ನು ನಿಲ್ಲಿಸುವುದಿಲ್ಲ. ಹ್ಯಾಂಡ್‌ಬ್ರೇಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಎಡಿಟಿಂಗಿಗೆ ಹಾಕುವ ಮೊದಲು ಅದರಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ವಿಡಿಯೊವನ್ನು ಒಮ್ಮೆ ಬದಲಿಸಿಕೊಳ್ಳಿ. ಆಮೇಲೂ ಸ್ವಲ್ಪ ಜಾರಿದರೆ ಅದು ಎರಡು ಯಂತ್ರಗಳ ಗಡಿಯಾರದ ವ್ಯತ್ಯಾಸ, ಪದ್ಯ ಮುಗಿದು ಮಾತು ಶುರುವಾಗುವ ಜಾಗದಲ್ಲಿ ಧ್ವನಿ ಕತ್ತರಿಸಿ ಹೊಂದಿಸಿ.